ಸಾರಜನಕದ ಸ್ಥಿರೀಕರಣವೂ ಏಕಪರಮಾಣು ವೇಗವರ್ಧಕಗಳೂ

ತುಮಕೂರು ನಗರದ ಶಿರಾ ಗೇಟಿನಿಂದ ಉತ್ತರಾಭಿಮುಖವಾಗಿ ಹೊರಟವರಿಗೆ ಶಿರಾ, ಮಧುಗಿರಿ, ಪಾವಗಡಗಳ ಒಣಭೂಮಿಯೂ, ಅದಕ್ಕೆ ಬೆನ್ನುಮಾಡಿ ನಡೆದವರಿಗೆ ಗುಬ್ಬಿ ಕುಣಿಗಲುಗಳ ತೆಂಗು ಅಡಕೆಯ ತೋಟಗಳೂ ಕೆರೆಯ ಕೆಳಗಣ ಗದ್ದೆಗಳೂ ದೊರೆಯುತ್ತವೆ. ಬೆಳೆಗಳು ಬೇರೆ, ನೀರಿನ ಅನುಕೂಲ ಬೇರೆ. ಆದರೆ ಈ ಎರಡು ಸೀಮೆಗಳ ಬೇಸಾಯಗಾರರೂ ಹಣ ತೆತ್ತು ಕೊಳ್ಳುವ ವಸ್ತುವೊಂದು ಸಮಾನವಾಗಿದೆ. ಅದು ಯೂರಿಯಾ, ಎಂದರೆ, ಪೈರಿಗೆ ಬೇಕಾದ ಸಾರಜನಕ. ಅವರ ತಲೆಯ ಮೇಲಿನ ಗಾಳಿಯಲ್ಲಿ ಐದಕ್ಕೆ ಸುಮಾರು ನಾಲ್ಕು ಪಾಲು ಇದೇ ಸಾರಜನಕವಿರುತ್ತದೆ. ಒಂದು ಎಕರೆ ನೆಲದ ಮೇಲೆ ನಿಂತಿರುವ ವಾಯುಸ್ತಂಭದಲ್ಲಿ ಅದರ ತೂಕ 30,000 ಟನ್ನನ್ನು ಮೀರುತ್ತದೆ. ಇಷ್ಟು ಐಶ್ವರ್ಯದ ಕೆಳಗೆ ನಿಂತ ಪೈರು ಸಾರಜನಕವಿಲ್ಲದೆ ಹಳದಿಗೆ ತಿರುಗುವುದು ವಿಚಿತ್ರವಾದರೂ ನಿಜ.

ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ ಮೊದಲಾದ ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವೊಂದನ್ನು ಸ್ಥಾಪಿಸಲಾಗಿದೆ; 2018ರ ಮಾರ್ಚಿಯಲ್ಲಿ ಅದರ ಉದ್ಘಾಟನೆಯಾಯಿತು. ಬಿಸಿಲಿನಿಂದ ವಿದ್ಯುತ್ತು ಹುಟ್ಟುವುದಾದರೆ, ಆ ವಿದ್ಯುತ್ತನ್ನೂ ಗಾಳಿಯನ್ನೂ ನೀರನ್ನೂ ಒಂದುಗೂಡಿಸಿ, ಹೊಲದ ಮಗ್ಗುಲಲ್ಲಿಯೇ ಗೊಬ್ಬರದ ಮೂಲವಸ್ತುವಾದ ಅಮೋನಿಯವನ್ನು ಮಾಡಿಕೊಳ್ಳಲಾಗದೆ? ಈ ಪ್ರಶ್ನೆಯನ್ನು ಕೇಳುವವರು ಇಂದು ಅನೇಕರಿದ್ದಾರೆ. ಅದಕ್ಕೆ ಉತ್ತರವಾಗಿ ರಸಾಯನಶಾಸ್ತ್ರಜ್ಞರು ಕಳೆದ ಕೆಲವು ವರ್ಷಗಳಿಂದ ಮುಂದಿಟ್ಟಿರುವ ಸಾಧನಗಳಲ್ಲಿ ಏಕಪರಮಾಣು ವೇಗವರ್ಧಕಗಳು ಪ್ರಮುಖವಾದುವು. ಅವು ಎಂತಹವು, ಅವುಗಳಿಂದ ಸಾಧಿತವಾಗಿರುವುದೆಷ್ಟು, ಸಾಧಿತವಾಯಿತೆಂದು ಹೇಳಿರುವುದರಲ್ಲಿ ನಂಬತಕ್ಕದ್ದೆಷ್ಟು ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ನವಸಾಗರವನ್ನು ಸುಣ್ಣದೊಡನೆ ಅಂಗೈಯಲ್ಲಿ ತಿಕ್ಕಿದರೆ ಮೂಗಿಗೆ ಹೊಡೆಯುವ ಘಾಟೇ ಅಮೋನಿಯ. ಅದರ ಅಣುವಿನಲ್ಲಿ ಒಂದು ಸಾರಜನಕ ಪರಮಾಣುವಿಗೆ ಮೂರು ಜಲಜನಕ ಪರಮಾಣುಗಳು ಸೇರಿವೆ. ಗಾಳಿಯಲ್ಲಾದರೋ ಸಾರಜನಕದ ಪರಮಾಣುಗಳು ಎರಡೆರಡಾಗಿ, ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಈ ತ್ರಿಬಂಧವನ್ನು ಕಡಿಯಲು ಮೋಲ್ ಒಂದಕ್ಕೆ ಸುಮಾರು 945 ಕಿಲೋಜೌಲ್ ಶಕ್ತಿ ಬೇಕು. ಆಮ್ಲಜನಕದ ಬಂಧಕ್ಕೆ ಬೇಕಾದುದು ಅದರ ಸುಮಾರು ಅರ್ಧ ಮಾತ್ರ. ಆದಕಾರಣವೇ ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವು ಕಬ್ಬಿಣವನ್ನು ತುಕ್ಕುಹಿಡಿಸುತ್ತದೆ, ಸೌದೆಯನ್ನು ಸುಡುತ್ತದೆ, ಸಾರಜನಕವು ಸುಮ್ಮನಿರುತ್ತದೆ.

ಈ ಮೌನವನ್ನು ಮುರಿಯಬಲ್ಲ ಜೀವಿಗಳು ನಮ್ಮ ಹೊಲಗಳಲ್ಲಿಯೇ ಇವೆ. ನೆಲಗಡಲೆ, ತೊಗರಿ, ಅವರೆ, ಹುರುಳಿಗಳ ಬೇರನ್ನು ಕಿತ್ತು ನೋಡಿದರೆ ಕಾಣುವ ಗಂಟುಗಳೊಳಗೆ ವಾಸಿಸುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಅಮೋನಿಯವನ್ನಾಗಿ ಮಾಡುತ್ತವೆ. ರಾಗಿಯೊಡನೆ ಅವರೆ ತೊಗರಿಗಳ ಸಾಲನ್ನು ಬಿಡುವ, ಗದ್ದೆ ತೋಟಗಳಿಗೆ ಹೊಂಗೆಯ ಸೊಪ್ಪನ್ನು ಹೊರುವ ವಾಡಿಕೆಗಳ ಹಿಂದೆ ಇರುವ ಶಾಸ್ತ್ರವೂ ಇದೇ. ಆ ಸೂಕ್ಷ್ಮಾಣುಗಳ ಕಿಣ್ವದ ಹೃದಯದಲ್ಲಿ ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಒಂಬತ್ತು ಗಂಧಕ, ಒಂದು ಇಂಗಾಲ, ಇಷ್ಟು ಪರಮಾಣುಗಳ ಪುಟ್ಟ ಗುಚ್ಛವೊಂದಿದೆ. ನಡುವಿನ ಪರಮಾಣು ಇಂಗಾಲವೆಂಬುದು ನಿಶ್ಚಯವಾದದ್ದು 2011ರಲ್ಲಿ. ಮಣ್ಣಿನ ಸಾಮಾನ್ಯ ಉಷ್ಣದಲ್ಲಿಯೇ ಈ ಗುಚ್ಛವು ತನ್ನ ಕೆಲಸವನ್ನು ನಡೆಸುತ್ತದೆ. ಆದರೆ ಉಚಿತವಾಗಿ ಅಲ್ಲ. ಒಂದು ಸಾರಜನಕದ ಅಣುವಿಗಾಗಿ ಕನಿಷ್ಠ ಎಂಟು ಎಲೆಕ್ಟ್ರಾನುಗಳು ವೆಚ್ಚವಾಗುತ್ತವೆ; ಅವುಗಳಲ್ಲಿ ಆರು ಅಮೋನಿಯಕ್ಕೆ ಹೋಗಿ, ಎರಡು ಜಲಜನಕವಾಗಿ ಪೋಲಾಗುತ್ತವೆ. ಈ ಪೋಲಿನ ವಿಷಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ನಮಗೆ ದೊಡ್ಡ ವಿಘ್ನವಾಗಿ ಎದುರಾಗುವುದು.

ಮನುಷ್ಯನು ಹಿಡಿದ ದಾರಿ ಬೇರೆ. ಜರ್ಮನಿಯ ಫ್ರಿಟ್ಸ್ ಹಾಬರನು 1909ರಲ್ಲಿ ಆಸ್ಮಿಯಂ ಲೋಹದ ನೆರವಿನಿಂದ, ಅಧಿಕವಾದ ಒತ್ತಡದಲ್ಲಿ, ಸಾರಜನಕ ಜಲಜನಕಗಳನ್ನು ನೇರವಾಗಿ ಕೂಡಿಸಿ ತೋರಿಸಿದನು. ಕಾರ್ಲ್ ಬಾಷನು ಅದನ್ನು ಕಾರ್ಖಾನೆಯ ಪ್ರಮಾಣಕ್ಕೆ ಬೆಳೆಸಿದನು. 1913ರಲ್ಲಿ ಓಪ್ಪಾವಿನ ಕಾರ್ಖಾನೆ ಕೆಲಸವನ್ನಾರಂಭಿಸಿತು. ಕಬ್ಬಿಣವೇ ಅಲ್ಲಿಯ ವೇಗವರ್ಧಕ. ಇಂದಿಗೂ ಲೋಕದ ಅಮೋನಿಯವೆಲ್ಲ ಬಹುಮಟ್ಟಿಗೆ ಈ ವಿಧಾನದಿಂದಲೇ, 400 ರಿಂದ 500 ಡಿಗ್ರಿಯ ಉಷ್ಣದಲ್ಲಿ, ನೂರು ವಾಯುಭಾರಗಳಿಗೂ ಮಿಕ್ಕ ಒತ್ತಡದಲ್ಲಿ ತಯಾರಾಗುತ್ತಿದೆ. ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಮೈಸೂರಿನ ಸಮೀಪದ ಬೆಳಗೊಳದಲ್ಲಿ 1930ರ ದಶಕದ ಕೊನೆಗೆ ಸ್ಥಾಪಿತವಾದ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯು, ಸಂಶ್ಲೇಷಿತ ಅಮೋನಿಯದಿಂದ ಗೊಬ್ಬರವನ್ನು ತಯಾರಿಸಿದ ಭಾರತದ ಮೊತ್ತಮೊದಲ ಕಾರ್ಖಾನೆಗಳಲ್ಲಿ ಒಂದು. ಮಂಗಳೂರಿನ ಪಣಂಬೂರಿನ ಗೊಬ್ಬರದ ಕಾರ್ಖಾನೆ 1976ರಲ್ಲಿ ಉತ್ಪಾದನೆಗೆ ತೊಡಗಿ, ಬಹುಕಾಲ ನ್ಯಾಫ್ತವೆಂಬ ತೈಲವನ್ನೇ ನೆಚ್ಚಿಕೊಂಡಿತ್ತು. ಕೊಚ್ಚಿಯಿಂದ ಮಂಗಳೂರಿಗೆ ಹಾಕಿದ ಅನಿಲದ ಕೊಳವೆಮಾರ್ಗವು 2021ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು.

ಹಾಬರನ ವಿಧಾನದಲ್ಲಿ ದೋಷವಿರುವುದು ಕಬ್ಬಿಣದಲ್ಲಲ್ಲ, ಜಲಜನಕದ ಮೂಲದಲ್ಲಿ. ಅದು ಬರುವುದು ಭೂಗರ್ಭದ ಅನಿಲದಿಂದ; ಭಾರತದ ಗೊಬ್ಬರದ ಕಾರ್ಖಾನೆಗಳು ಬಳಸುವ ಅನಿಲದ ಬಹುಭಾಗ ಹಡಗಿನಲ್ಲಿ ಬರುವಂತಹುದು. ಎಲ್ಲಿಯೋ ಯುದ್ಧವಾದರೆ ಗುಬ್ಬಿಯ ರೈತನಿಗೆ ಗೊಬ್ಬರದ ಚಿಂತೆ ಹುಟ್ಟುವುದು ಈ ಕಾರಣದಿಂದ. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕವನ್ನು ಪಡೆದರೆ ಈ ಹಂಗು ತಪ್ಪುತ್ತದೆ. ಇದೂ ಕಲ್ಪನೆಯ ಮಾತಲ್ಲ. ಪಂಜಾಬಿನ ನಂಗಲ್‌ನಲ್ಲಿ, ಭಾಕ್ರಾದ ಜಲವಿದ್ಯುತ್ತಿನ ಬಲದಿಂದ, 1961ರಲ್ಲಿಯೇ ಇಂತಹ ಕಾರ್ಖಾನೆ ನಡೆಯತೊಡಗಿತ್ತು. ಅಗ್ಗದ ವಿದ್ಯುತ್ತು ದುರ್ಲಭವಾದ ಮೇಲೆ ಆ ಮಾರ್ಗ ಹಿಂದೆ ಬಿತ್ತು.

ಇಲ್ಲಿಂದ ಮುಂದೆ ಒಂದು ಹೆಜ್ಜೆ ಇಟ್ಟರೆ ನಮ್ಮ ಪ್ರಕೃತ ವಿಷಯ ದೊರೆಯುತ್ತದೆ. ಜಲಜನಕವನ್ನು ಮೊದಲು ಬೇರೆಯಾಗಿ ಮಾಡಿ, ಅನಂತರ ಅದನ್ನು ಬಿಸಿಮಾಡಿ ಒತ್ತುವುದೇಕೆ? ವಿದ್ಯುತ್ಕೋಶದ ಋಣಧ್ರುವದ ಬಳಿ ಸಾರಜನಕವನ್ನು ಗುಳ್ಳೆಗುಳ್ಳೆಯಾಗಿ ಹಾಯಿಸಿ, ನೀರಿನಿಂದ ಪ್ರೋಟಾನುಗಳನ್ನೂ ತಂತಿಯಿಂದ ಎಲೆಕ್ಟ್ರಾನುಗಳನ್ನೂ ಅದಕ್ಕೆ ಒದಗಿಸಿದರೆ, ಕೋಣೆಯ ಉಷ್ಣದಲ್ಲಿಯೇ ಅಮೋನಿಯ ಹುಟ್ಟಬೇಕಲ್ಲವೆ? ಉಷ್ಣಗತಿಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಆಕ್ಷೇಪಣೆಯಿಲ್ಲ. ಕೋಶಕ್ಕೆ 1.17 ವೋಲ್ಟ್ ಒದಗಿಸಿದರೆ ತತ್ತ್ವತಃ ಸಾಕು. ಕಿಲೋಗ್ರಾಂ ಅಮೋನಿಯಕ್ಕೆ ಸುಮಾರು 5.5 ಯೂನಿಟ್ ವಿದ್ಯುತ್ತು. ಈಗ 45 ಕಿಲೋಗ್ರಾಮಿನ ಒಂದು ಚೀಲ ಯೂರಿಯಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರಲ್ಲಿ ನೂರಕ್ಕೆ 46 ಪಾಲಿನಂತೆ 20.7 ಕಿಲೋಗ್ರಾಂ ಸಾರಜನಕವಿದೆ. ಅಷ್ಟನ್ನು ಹೊತ್ತಿರುವ ಅಮೋನಿಯದ ತೂಕ ಸುಮಾರು 25 ಕಿಲೋಗ್ರಾಂ. ಆದ್ದರಿಂದ ಒಂದು ಚೀಲದ ಸಾರಜನಕಕ್ಕೆ ತಗಲುವ ಕನಿಷ್ಠ ವಿದ್ಯುತ್ತು 140 ಯೂನಿಟ್‌ಗಳಷ್ಟು. (ಅಮೋನಿಯ ದೊರೆತ ಮಾತ್ರಕ್ಕೆ ಯೂರಿಯಾ ದೊರೆಯದು, ಅದಕ್ಕೆ ಇಂಗಾಲಾಮ್ಲವಾಯುವೂ ಬೇಕು. ಅದು ಬೇರೆಯ ಕಥೆ.)

ತತ್ತ್ವಕ್ಕೂ ಕೋಶಕ್ಕೂ ನಡುವೆ ಎರಡು ಅಡ್ಡಿಗಳಿವೆ. ಮೊದಲನೆಯದು, ಸಾರಜನಕವು ಲೋಹದ ಮೇಲೆ ಕುಳಿತು, ಮೊದಲನೆಯ ಜಲಜನಕವನ್ನು ಸ್ವೀಕರಿಸುವ ಹಂತ. ಆರು ಹೆಜ್ಜೆಗಳ ಈ ಪ್ರಯಾಣದಲ್ಲಿ ಬಹುತೇಕ ವಸ್ತುಗಳ ಮೇಲೆ ಅತಿ ಕಡಿದಾದ ಏರು ಇದೇ. ಎರಡನೆಯದು, ನೀರಿನ ಸಮೃದ್ಧಿ. 25 ಡಿಗ್ರಿಯಲ್ಲಿ ಒಂದು ಲೀಟರು ನೀರಿನಲ್ಲಿ ಕರಗುವ ಸಾರಜನಕ 18 ಮಿಲಿಗ್ರಾಮಿನಷ್ಟು ಮಾತ್ರ. ಎಂದರೆ, ಒಂದು ಸಾರಜನಕದ ಅಣುವಿನ ಸುತ್ತ 80,000ಕ್ಕೂ ಹೆಚ್ಚು ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ. ಎಲೆಕ್ಟ್ರಾನು ಋಣಧ್ರುವಕ್ಕೆ ಬಂದೊಡನೆ ಹತ್ತಿರದ ಪ್ರೋಟಾನನ್ನು ಕೂಡಿ ಜಲಜನಕವಾಗಿ ಹಾರಿಹೋಗುವುದು ಅದಕ್ಕೆ ಎಷ್ಟು ಸುಲಭವೋ, ಸಾರಜನಕವನ್ನು ಹುಡುಕಿ ಸೇರುವುದು ಅಷ್ಟು ಕಷ್ಟ. ಕೋಶಕ್ಕೆ ಕೊಟ್ಟ ಎಲೆಕ್ಟ್ರಾನುಗಳಲ್ಲಿ ನೂರಕ್ಕೆ ಎಷ್ಟು ಅಮೋನಿಯಕ್ಕೆ ಸಂದವು ಎಂಬುದನ್ನು ಫ್ಯಾರಡೆ ದಕ್ಷತೆಯೆಂದು ಕರೆಯುತ್ತಾರೆ. ಸಾಮಾನ್ಯ ಲೋಹಗಳ ಮೇಲೆ ಇದು ಅತ್ಯಲ್ಪ.

ಈ ಸಂದರ್ಭದಲ್ಲಿ ಏಕಪರಮಾಣು ವೇಗವರ್ಧಕಗಳ ಪ್ರವೇಶವಾಗುತ್ತದೆ. ಲೋಹದ ಕಣದಲ್ಲಿ ಕೆಲಸಮಾಡುವುವು ಹೊರಮೈಯ ಪರಮಾಣುಗಳು ಮಾತ್ರ. ಹತ್ತು ನ್ಯಾನೊಮೀಟರ್ ವ್ಯಾಸದ ಕಣದಲ್ಲಿಯೂ ಅವು ಹತ್ತಕ್ಕೆ ಒಂದು ಪಾಲಿನಷ್ಟಿದ್ದು, ಉಳಿದವು ಒಳಗೆ ಹೂತುಹೋಗಿರುತ್ತವೆ. ಕಣವನ್ನು ಕಿರಿದುಮಾಡುತ್ತ ಹೋಗಿ ಕೊನೆಗೆ ಒಂದೊಂದೇ ಪರಮಾಣುವನ್ನು ಬಿಡಿಬಿಡಿಯಾಗಿ ಆಧಾರದ ಮೇಲೆ ನೆಟ್ಟರೆ ಎಲ್ಲವೂ ದುಡಿಯುತ್ತವೆ. ಚೀನದ ಝಾಂಗ್ ಟಾವೊ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಕಬ್ಬಿಣದ ಆಕ್ಸೈಡಿನ ಮೇಲೆ ಬಿಡಿಬಿಡಿಯಾದ ಪ್ಲಾಟಿನಂ ಪರಮಾಣುಗಳನ್ನು ನೆಲೆಗೊಳಿಸಿ, ಇಂಗಾಲದ ಮೊನಾಕ್ಸೈಡನ್ನು ಉತ್ಕರ್ಷಿಸಿ ತೋರಿಸಿದ ಮೇಲೆ ಈ ಹೆಸರು ರೂಢಿಗೆ ಬಂದಿತು.

ಬಿಡಿ ಪರಮಾಣುಗಳಿಗೆ ಒಂದನ್ನೊಂದು ಕೂಡಿ ಗುಂಪಾಗುವ ಸ್ವಭಾವವುಂಟು. ಅವನ್ನು ಕಟ್ಟಿಹಾಕುವುದೇ ಈ ವಿದ್ಯೆಯ ಕೌಶಲ. ಅಕ್ಕಸಾಲಿಯು ಹರಳನ್ನು ನಾಲ್ಕು ಕಚ್ಚುಗಳ ನಡುವೆ ಕೂರಿಸುವಂತೆ, ಇಂಗಾಲದ ಹಾಳೆಯಲ್ಲಿ ನಾಲ್ಕು ಸಾರಜನಕ ಪರಮಾಣುಗಳ ನಡುವೆ ಲೋಹದ ಒಂದು ಪರಮಾಣುವನ್ನು ಕೂರಿಸುತ್ತಾರೆ. ರಕ್ತದಲ್ಲಿ ಕಬ್ಬಿಣವೂ ಎಲೆಯ ಹಸುರಿನಲ್ಲಿ ಮೆಗ್ನೀಸಿಯವೂ ಕುಳಿತಿರುವುದು ಇದೇ ಬಗೆಯ ಪೀಠದಲ್ಲಿ. ತಯಾರಿಸುವ ಒಂದು ಕ್ರಮವನ್ನು ಹೇಳುವುದಾದರೆ: ಸತುವನ್ನೂ ಸಾರಜನಕವುಳ್ಳ ಒಂದು ಸಾವಯವ ವಸ್ತುವನ್ನೂ ಸೇರಿಸಿ, ಸಣ್ಣ ಸಣ್ಣ ಗೂಡುಗಳಿರುವ ಹರಳುಗಳನ್ನು ಬೆಳೆಸುತ್ತಾರೆ, ಬೇಕಾದ ಲೋಹದ ಲವಣವನ್ನು ಆ ಗೂಡುಗಳಲ್ಲಿ ಸೆರೆಹಿಡಿಯುತ್ತಾರೆ, ಬಳಿಕ ಗಾಳಿ ತಾಕದಂತೆ 900 ಡಿಗ್ರಿಯ ಮೇಲೆ ಕಾಯಿಸುತ್ತಾರೆ. ಸತುವು 907 ಡಿಗ್ರಿಯಲ್ಲಿ ಕುದಿಯುವ ಲೋಹವಾದ್ದರಿಂದ ಆವಿಯಾಗಿ ಹೊರಟುಹೋಗುತ್ತದೆ. ಉಳಿದ ಕರಿಯ ಪುಡಿಯಲ್ಲಿ ಬೇಕಾದ ಲೋಹವು ಬಿಡಿಬಿಡಿಯಾಗಿ ನಿಂತಿರುತ್ತದೆ. ಅದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು. ಮಿತಿ ಮೀರಿ ತುಂಬಿದರೆ ಪರಮಾಣುಗಳು ಮತ್ತೆ ಗುಂಪುಗೂಡುತ್ತವೆ. ನಿಜವಾಗಿ ಬಿಡಿಯಾಗಿವೆಯೆ ಎಂಬುದನ್ನು ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ಕಾಣುವ ಹೊಳೆಯುವ ಚುಕ್ಕಿಗಳಿಂದಲೂ, ಎಕ್ಸ್-ಕಿರಣಗಳ ಹೀರಿಕೆಯಲ್ಲಿ ಲೋಹ-ಲೋಹಗಳ ನಡುವಣ ಬಂಧದ ಗುರುತು ಕಾಣದಿರುವುದರಿಂದಲೂ ನಿರ್ಧರಿಸುತ್ತಾರೆ.

ಇಂತಹ ಪರಮಾಣು ಸಾರಜನಕವನ್ನು ಹಿಡಿಯುವ ರೀತಿ ಕೊಡುಕೊಳುವ ವ್ಯವಹಾರದಂತಿದೆ. ಸಾರಜನಕದ ತುದಿಯಲ್ಲಿರುವ ಒಂದು ಜೊತೆ ಎಲೆಕ್ಟ್ರಾನುಗಳನ್ನು ಲೋಹವು ತನ್ನ ಖಾಲಿಯಾದ ಕಕ್ಷಕದೊಳಕ್ಕೆ ಸ್ವೀಕರಿಸುತ್ತದೆ. ಅದಕ್ಕೆ ಪ್ರತಿಯಾಗಿ ತನ್ನಲ್ಲಿರುವ ಎಲೆಕ್ಟ್ರಾನುಗಳನ್ನು ಸಾರಜನಕದ ಬಂಧವಿರೋಧಿ ಕಕ್ಷಕಗಳಿಗೆ ತಳ್ಳುತ್ತದೆ. ಈ ಪ್ರತಿದಾನದಿಂದಲೇ ತ್ರಿಬಂಧವು ಸಡಿಲವಾಗುವುದು. ಹಿಡಿತ ಸಡಿಲವಾದರೆ ಸಾರಜನಕ ನಿಲ್ಲದು. ಅತಿ ಬಿಗಿಯಾದರೆ ಹುಟ್ಟಿದ ಅಮೋನಿಯ ಬಿಡಿಸಿಕೊಳ್ಳದು. ಬೇಕಾದ ಮಧ್ಯಮಾರ್ಗವನ್ನು ಲೋಹವನ್ನು ಬದಲಾಯಿಸಿಯೂ, ಪೀಠದ ಪರಮಾಣುಗಳನ್ನು ಬದಲಾಯಿಸಿಯೂ ಹುಡುಕಬಹುದು. ಈ ಸ್ವಾತಂತ್ರ್ಯ ಇಡಿಯ ಲೋಹದ ಮೇಲ್ಮೈಗೆ ಇಲ್ಲ. ಇದಲ್ಲದೆ, ಎರಡು ಜಲಜನಕ ಪರಮಾಣುಗಳು ಅಕ್ಕಪಕ್ಕದ ಲೋಹದ ಮೇಲೆ ಕುಳಿತು ಜೊತೆಯಾಗುವ ದಾರಿ ಬಿಡಿ ಪರಮಾಣುವಿನಲ್ಲಿ ಮುಚ್ಚಿರುತ್ತದೆ. ಪಕ್ಕದಲ್ಲಿ ಲೋಹವೇ ಇಲ್ಲವಷ್ಟೆ. ಆದರೆ ಜಲಜನಕಕ್ಕೆ ಬೇರೆ ದಾರಿಯೂ ಉಂಟು. ಕುಳಿತ ಒಂದು ಪರಮಾಣುವನ್ನು ದ್ರಾವಣದ ಪ್ರೋಟಾನು ನೇರವಾಗಿ ಬಂದು ಸೇರಬಹುದು. ಆದುದರಿಂದ ಏಕಪರಮಾಣುವಿನಲ್ಲಿ ಜಲಜನಕ ಹುಟ್ಟುವುದೇ ಇಲ್ಲವೆಂದು ಕೆಲವು ಬರಹಗಳಲ್ಲಿ ಸೂಚಿಸಿರುವುದು ಅತಿಶಯೋಕ್ತಿಯೆಂದು ನಮ್ಮ ಅಭಿಪ್ರಾಯ.

ಗಣಿತದಿಂದ ಆಶೆ ಮೊಳೆಯಿತು. ಬೋರಾನ್ ನೈಟ್ರೈಡಿನ ಹಾಳೆಯಲ್ಲಿ ಕುಳಿತ ಮಾಲಿಬ್ಡಿನಂ ಪರಮಾಣು ಅತ್ಯಲ್ಪವಾದ ಅಧಿಕವೋಲ್ಟೇಜಿನಿಂದ ಈ ಕೆಲಸ ಮಾಡಬಲ್ಲುದೆಂದು 2017ರಲ್ಲಿ ಲೆಕ್ಕಹಾಕಿದರು. ಪ್ರಯೋಗಗಳು ಹಿಂಬಾಲಿಸಿದುವು. 2018ರಲ್ಲಿ ರುಥೇನಿಯಂ ಏಕಪರಮಾಣುಗಳಿಂದ, ವೇಗವರ್ಧಕದ ಮಿಲಿಗ್ರಾಂ ಒಂದಕ್ಕೆ ಗಂಟೆಗೆ ಸುಮಾರು 120 ಮೈಕ್ರೊಗ್ರಾಂ ಅಮೋನಿಯವೂ, ನೂರಕ್ಕೆ 30ರ ಸಮೀಪದ ದಕ್ಷತೆಯೂ ವರದಿಯಾದುವು. 2019ರಲ್ಲಿ ಕಬ್ಬಿಣದ ಏಕಪರಮಾಣುಗಳಿಂದ 56.55 ಪಾಲಿನ ದಕ್ಷತೆ ವರದಿಯಾಯಿತು; ಆದರೆ ಅಲ್ಲಿ ಹುಟ್ಟಿದ್ದೆಂದು ಹೇಳಿದ ಅಮೋನಿಯ ಗಂಟೆಗೆ ಮಿಲಿಗ್ರಾಮಿಗೆ 7.5 ಮೈಕ್ರೊಗ್ರಾಮಿನಷ್ಟು. ದಕ್ಷತೆ ಏರಿದಾಗ ಪರಿಮಾಣ ಇಳಿಯುವುದು ಈ ವಿಷಯದ ಬರಹಗಳಲ್ಲಿ ಹಲವೆಡೆ ಕಾಣುವ ಲಕ್ಷಣ.

ಈಗ ಮುಖ್ಯವಾದ ಸಂಗತಿಗೆ ಬರೋಣ. ಇಷ್ಟು ಅಲ್ಪವಾದ ಅಮೋನಿಯವು ಗಾಳಿಯ ಸಾರಜನಕದಿಂದಲೇ ಹುಟ್ಟಿತೆಂದು ತಿಳಿಯುವುದು ಹೇಗೆ? ಅಮೋನಿಯವಿಲ್ಲದ ಸ್ಥಳ ದುರ್ಲಭ. ಪ್ರಯೋಗಶಾಲೆಯ ಗಾಳಿಯಲ್ಲಿ ಅದಿದೆ. ಪ್ರಯೋಗ ಮಾಡುವವನ ಉಸಿರಿನಲ್ಲಿದೆ. ಕೋಶದ ಎರಡು ಭಾಗಗಳ ನಡುವಣ ಪೊರೆಯು ಅದನ್ನು ಹೀರಿಟ್ಟುಕೊಂಡು ಮುಂದಿನ ಪ್ರಯೋಗದಲ್ಲಿ ಉಗುಳುತ್ತದೆ. ಸಾರಜನಕದ ಸಿಲಿಂಡರಿನಲ್ಲಿಯೇ ನೈಟ್ರೊಜನ್ ಆಕ್ಸೈಡುಗಳು ಲೇಶಮಾತ್ರವಾಗಿ ಇರಬಹುದು. ಅವು ಸಾರಜನಕಕ್ಕಿಂತ ಎಷ್ಟೋ ಸುಲಭವಾಗಿ ಅಮೋನಿಯವಾಗುತ್ತವೆ. ನಮ್ಮ ವೇಗವರ್ಧಕಕ್ಕಾದರೋ ಇನ್ನೊಂದು ವಿಶೇಷವಾದ ಶಂಕೆ ತಗಲಿಕೊಂಡಿದೆ: ಅದರ ಪೀಠವೇ ಸಾರಜನಕದ್ದು! ಉದಾಹರಣೆಗಾಗಿ, ಅರ್ಧ ಮಿಲಿಗ್ರಾಂ ಪುಡಿಯನ್ನು ಋಣಧ್ರುವಕ್ಕೆ ಬಳಿದು ಎರಡು ಗಂಟೆ ಪ್ರಯೋಗ ನಡೆಸಿದರೆಂದೂ, ಗಂಟೆಗೆ ಮಿಲಿಗ್ರಾಮಿಗೆ 50 ಮೈಕ್ರೊಗ್ರಾಮಿನ ವೇಗ ಕಂಡುಬಂದಿತೆಂದೂ ಇಟ್ಟುಕೊಳ್ಳೋಣ. ಒಟ್ಟು ದೊರೆತದ್ದು 50 ಮೈಕ್ರೊಗ್ರಾಂ. ಆ ಪುಡಿಯಲ್ಲಿ ನೂರಕ್ಕೆ 5 ಪಾಲು ಸಾರಜನಕವಿದ್ದರೆ, ಅದೆಲ್ಲ ಕಳಚಿಬಂದಾಗ ಆಗುವ ಅಮೋನಿಯ 30 ಮೈಕ್ರೊಗ್ರಾಂ. ಎಂದರೆ, ಹಾಲು ಕೊಟ್ಟಿತೆಂದು ಹೊಗಳಿದ ಹಸು ತನ್ನ ಮಾಂಸವನ್ನೇ ಕರಗಿಸುತ್ತಿರಬಹುದು. ಮಾಸಲು ಹಳದಿಯ ನೆಸ್ಲರ್ ಪರೀಕ್ಷೆಯಾಗಲಿ ನೀಲಿಯ ಇಂಡೊಫಿನಾಲ್ ಪರೀಕ್ಷೆಯಾಗಲಿ ಅಮೋನಿಯ ಎಷ್ಟಿದೆಯೆಂದು ಹೇಳಬಲ್ಲುದೇ ಹೊರತು ಎಲ್ಲಿಂದ ಬಂದಿತೆಂದು ಹೇಳಲಾರದು.

ಇದಕ್ಕೆ ಪ್ರಮಾಣವೆಂದರೆ ಭಾರಸಾರಜನಕ. ಸಾಮಾನ್ಯ ಸಾರಜನಕದ ಭಾರಸಂಖ್ಯೆ 14; ಪ್ರಕೃತಿಯಲ್ಲಿ ನೂರಕ್ಕೆ 0.37 ಪಾಲು ಮಾತ್ರ 15 ಭಾರದ್ದು. ಕೋಶಕ್ಕೆ 15ರ ಸಾರಜನಕವನ್ನೇ ಊಡಿದರೆ, ಹುಟ್ಟುವ ಅಮೋನಿಯವೂ ಆ ಮುದ್ರೆಯನ್ನು ಹೊತ್ತಿರಬೇಕು. ಪರಮಾಣುಬೀಜದ ಕಾಂತೀಯ ಅನುರಣನದಲ್ಲಿ 14ರ ಅಮೋನಿಯಂ ಮೂರು ಶಿಖರಗಳನ್ನೂ, 15ರದು ಎರಡು ಶಿಖರಗಳನ್ನೂ ತೋರಿಸುವುದರಿಂದ ಭೇದ ಸ್ಫುಟವಾಗಿ ತಿಳಿಯುತ್ತದೆ. ಆದರೆ ಇಲ್ಲಿಯೂ ಎಚ್ಚರ ಬೇಕು. ಮಾರುವ 15ರ ಸಾರಜನಕದ ಸಿಲಿಂಡರುಗಳಲ್ಲಿಯೇ 15ರ ಅಮೋನಿಯವೂ ನೈಟ್ರೇಟೂ ಬೆರೆತಿರುವುದನ್ನು 2014ರಲ್ಲಿ ಪತ್ತೆಮಾಡಿದರು. ಆದ್ದರಿಂದ ಅನಿಲವನ್ನು ಮೊದಲು ಶೋಧಿಸಬೇಕು, ಕಾಲ ಕಳೆದಂತೆ ಅಮೋನಿಯ ಬೆಳೆಯುತ್ತಿರುವುದನ್ನು ಅಳತೆಯಿಂದ ತೋರಿಸಬೇಕು, 14ರಿಂದ ಬಂದ ಮೊತ್ತವೂ 15ರಿಂದ ಬಂದ ಮೊತ್ತವೂ ತಾಳೆಯಾಗಬೇಕು. ಸಾರಜನಕಕ್ಕೆ ಬದಲಾಗಿ ಆರ್ಗಾನನ್ನು ಹಾಯಿಸಿದಾಗ ಏನೂ ಹುಟ್ಟಬಾರದು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದವರು ಮತ್ತು ಅವರ ಜೊತೆಗಾರರು 2019ರಲ್ಲಿ ಈ ಕ್ರಮವನ್ನು ಕಟ್ಟುನಿಟ್ಟಾಗಿ ವಿಧಿಸಿ, ನೀರಿನ ದ್ರಾವಣದಲ್ಲಿ ಹೆಸರಾಗಿದ್ದ ಶುದ್ಧಲೋಹಗಳನ್ನು ಪರೀಕ್ಷಿಸಿದಾಗ ಒಂದೂ ಗೆಲ್ಲಲಿಲ್ಲ. ಗೆದ್ದದ್ದು ನೀರಿಲ್ಲದ ದ್ರಾವಣದಲ್ಲಿ ಲಿಥಿಯಂ ಲೋಹದ ಮೂಲಕ ನಡೆಯುವ ವಿಧಾನವೊಂದೇ. ಈ ಒರೆಗಲ್ಲಿಗೆ ತಿಕ್ಕದ ಏಕಪರಮಾಣುವಿನ ವರದಿ ಯಾವುದೇ ಇರಲಿ, ಅದನ್ನು ಸಿದ್ಧಾಂತವಾಗಿ ಎಣಿಸದೆ ಪೂರ್ವಪಕ್ಷವಾಗಿ ಇಟ್ಟುಕೊಳ್ಳುವುದು ಯುಕ್ತ.

ವರದಿಗಳನ್ನು ಪೂರ್ತಿಯಾಗಿ ನಂಬಿದರೂ ರೈತನಿಗೆ ದೊರೆಯುವುದೆಷ್ಟು? ಒಂದು ಗ್ರಾಂ ವೇಗವರ್ಧಕವು ಮೇಲೆ ಹೇಳಿದ 50 ಮೈಕ್ರೊಗ್ರಾಮಿನ ಲೆಕ್ಕದಲ್ಲಿ ಹಗಲಿರುಳೂ ದುಡಿದರೆ, ಒಂದು ಚೀಲ ಯೂರಿಯಾದ ಸಾರಜನಕವನ್ನು ಕೂಡಿಸಲು 57 ವರ್ಷ ಹಿಡಿಯುತ್ತದೆ. ವೇಗವರ್ಧಕವನ್ನು ಹೆಚ್ಚಿಸಿ ಕಾಲವನ್ನು ಇಳಿಸಬಹುದು. ವಿದ್ಯುತ್ತಿನ ವೆಚ್ಚವನ್ನು ಹಾಗೆ ಇಳಿಸಲಾಗದು. ನೂರಕ್ಕೆ 10 ಪಾಲಿನ ದಕ್ಷತೆಯಿಂದ, 2 ವೋಲ್ಟಿನಲ್ಲಿ ನಡೆಯುವ ಕೋಶಕ್ಕೆ ಅದೇ ಚೀಲಕ್ಕೆ ಸುಮಾರು 2,400 ಯೂನಿಟ್ ಬೇಕು. ನಂಗಲ್‌ನ ಹಳೆಯ ಮಾರ್ಗದಲ್ಲಿ, ಎಂದರೆ ನೀರನ್ನು ಒಡೆದು ಜಲಜನಕವನ್ನು ಹಾಬರನ ಕಬ್ಬಿಣಕ್ಕೆ ಒಪ್ಪಿಸುವುದರಲ್ಲಿ, ಇಂದಿನ ಯಂತ್ರಗಳಿಂದ 250 ಯೂನಿಟ್‌ಗಳಷ್ಟು ಸಾಕು. ಪಾವಗಡದ ಬಿಸಿಲಿನಿಂದ ಗೊಬ್ಬರವಾಗುವ ದಿನ ಹತ್ತಿರವಿದ್ದರೆ ಅದು ಈ ಮಾರ್ಗದಿಂದಲೇ ಬರುವುದೆಂದು ನಾವು ಭಾವಿಸುತ್ತೇವೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಂಗೀಕರಿಸಿದ ಹಸಿರು ಜಲಜನಕದ ಯೋಜನೆಯೂ ನೆಚ್ಚಿರುವುದು ನೀರನ್ನು ಒಡೆಯುವ ಈ ಕ್ರಮವನ್ನೇ. ನೇರವಾದ ಕೋಶದ ಗುಣವೇನೆಂದರೆ, ಸೂರ್ಯನು ಮೋಡದಲ್ಲಿ ಮರೆಯಾದಾಗ ನಿಲ್ಲಿಸಿ, ಬಿಸಿಲು ಬಂದಾಗ ಹೊರಡಿಸಬಹುದು. ಬಿಸಿಯಾದ ಒತ್ತಡದ ಕಾರ್ಖಾನೆಗೆ ಈ ನಿಲುಗಡೆಗಳು ಒಗ್ಗವು. ಸಂಶೋಧನೆಯನ್ನು ಕೈಬಿಡಬಾರದೆಂಬುದಕ್ಕೆ ಇದೊಂದೇ ಕಾರಣ ಸಾಲದೆ?

ಏಕಪರಮಾಣುಗಳು ಸಂಶಯಕ್ಕೆ ಎಡೆಯಿಲ್ಲದಂತೆ ತಮ್ಮ ಶಕ್ತಿಯನ್ನು ತೋರಿಸಿರುವುದು ಪಕ್ಕದ ಇನ್ನೊಂದು ಕ್ರಿಯೆಯಲ್ಲಿ. ನೈಟ್ರೇಟಿನಲ್ಲಿ ತ್ರಿಬಂಧವಿಲ್ಲ, ಅದು ನೀರಿನಲ್ಲಿ ಹೇರಳವಾಗಿ ಕರಗುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಕಬ್ಬಿಣದ ಏಕಪರಮಾಣುಗಳಿಂದ ನೈಟ್ರೇಟನ್ನು ಅಮೋನಿಯವನ್ನಾಗಿ ಮಾಡಿ, 75 ಪಾಲಿನಷ್ಟು ದಕ್ಷತೆಯನ್ನೂ, ಗಂಟೆಗೆ ಮಿಲಿಗ್ರಾಮಿಗೆ 20,000 ಮೈಕ್ರೊಗ್ರಾಮಿನವರೆಗಿನ ವೇಗವನ್ನೂ ಪಡೆದರು. ಅದೇ ಒಂದು ಗ್ರಾಂ ವೇಗವರ್ಧಕ, ಅದೇ ಒಂದು ಚೀಲದ ಲೆಕ್ಕ; ಆದರೆ 57 ವರ್ಷಕ್ಕೆ ಬದಲಾಗಿ 52 ದಿವಸ. ಕಲ್ಮಷದ ಮೈಕ್ರೊಗ್ರಾಮುಗಳು ಈ ಮೊತ್ತದ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಇದನ್ನು ಸಾರಜನಕದ ಸ್ಥಿರೀಕರಣವೆಂದು ಕರೆಯಲಾಗದು. ಏಕೆಂದರೆ ಇಂದಿನ ನೈಟ್ರೇಟಿನ ಬಹುಭಾಗ ಹಾಬರನ ಅಮೋನಿಯದಿಂದಲೇ ಹುಟ್ಟಿದ್ದು. ಇದು ಹೊಲದಲ್ಲಿ ಸೋರಿಹೋದದ್ದನ್ನು ಮರಳಿ ಹಿಡಿಯುವ ಉಪಾಯ. ಕರ್ನಾಟಕದ ಅನೇಕ ಜಿಲ್ಲೆಗಳ ಅಂತರ್ಜಲದಲ್ಲಿ ನೈಟ್ರೇಟು, ಕುಡಿಯುವ ನೀರಿಗೆ ವಿಧಿಸಿರುವ ಲೀಟರಿಗೆ 45 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದರಿಂದ ಈ ಉಪಾಯ ನಮಗೆ ಅಪ್ರಸ್ತುತವಲ್ಲ. ಆದರೆ ಮೇಲಿನ ವೇಗವು ಕೊಳವೆಬಾವಿಯ ನೀರಿಗಿಂತ ನೂರಾರು ಪಾಲು ಗಟ್ಟಿಯಾದ ದ್ರಾವಣದಲ್ಲಿ ಅಳೆದದ್ದು. ಮಿತಿಯ ಅಂಚಿನಲ್ಲಿರುವ ನೀರು 1,000 ಲೀಟರಿನಲ್ಲಿ ಹೊತ್ತಿರುವ ನೈಟ್ರೇಟು 45 ಗ್ರಾಂ, ಅದರಿಂದ ದೊರೆಯಬಹುದಾದ ಅಮೋನಿಯ 12 ಗ್ರಾಂ. ಒಂದು ಚೀಲಕ್ಕೆ ಅಂತಹ ನೀರು 20 ಲಕ್ಷ ಲೀಟರು ಬೇಕಾಗುತ್ತದೆ. ಅಷ್ಟು ನೀರನ್ನು ಕೋಶದಲ್ಲಿ ಹಾಯಿಸುವವರು ಅಮೋನಿಯಕ್ಕಾಗಿ ಅಲ್ಲ, ಕುಡಿಯುವ ನೀರಿಗಾಗಿ ಹಾಯಿಸಿಯಾರು.